ಎರಡು ಮನೆಯ ರೊಟ್ಟಿ

ತಾತ್ಕಾಲಿಕ ಪೊಲೀಸ್ ತರಬೇತಿ ಶಾಲೆ,
ಮುದ್ದೇಬಿಹಾಳ ರಸ್ತೆ
೧೪ ಜುಲೈ ೨೦೨೪

ಸಿದ್ದಾರೂಢ ಕಾಕಾ ಅವರಿಗೆ ಭುವನೇಶ್ವರಿಯ ನಮಸ್ಕಾರ.

ಪತ್ರ ಹೇಗೆ ಶುರು ಮಾಡಬೇಕೆಂದು ನೀವು ಹೇಳಿಕೊಟ್ಟ ಸಾಲುಗಳು ಪೂರಾ ಮರೆತುಹೋಗಿವೆ. ಬೈಯಬೇಡಿ. ಇಲ್ಲಿ ನಮ್ಮನ್ನು ಬೈಯಲು ಸರ್ಕಾರವೇ ಪಗಾರ ಕೊಟ್ಟು ಜನರನ್ನು ಇಟ್ಟಿದೆ. ಮೊಬೈಲುಗಳೆಲ್ಲ ಆಫೀಸಿನಲ್ಲಿ ಜಮಾ. ರವಿವಾರ ಒಂದು ತಾಸು ಕೊಡುತ್ತಾರೆ, ಆದರೆ ಕಟ್ಟೆಯ ಮೇಲೆ ಎಲ್ಲರ ನಡುವೆ ಕೂತು ಮಾತಾಡಬೇಕು. ಅತ್ತ ಅಪ್ಪ ಸ್ಪೀಕರ್ ಹಚ್ಚಿ ನಮ್ಮೂರು ತಾಂಬಾಕ್ಕೆಲ್ಲ ಕೇಳಿಸುತ್ತಾನೆ. ಹಾಗಾಗಿ ನೀವು ಹೇಳಿದಂತೆ ಪತ್ರವೇ ಸರಿ.

ಇಲ್ಲಿ ಎತ್ತರದ ಪ್ರಕಾರ ಸಾಲು ನಿಲ್ಲಿಸುತ್ತಾರೆ. ಆ ಸಾಲಿನಂತೆಯೇ ಮಲಗುವ ಕಾಟು, ಆ ಸಾಲಿನಂತೆಯೇ ಕಸರತ್ತಿನ ಜೋಡಿ. ನಮ್ಮ ಸ್ಕ್ವಾಡಿನಲ್ಲಿ ಎಲ್ಲರಿಗಿಂತ ಎತ್ತರದವಳು ಮಾಬುಬಿ, ಆಮೇಲೆ ನಾನು. ಹೀಗಾಗಿ ಆಕೆಯೇ ನನ್ನ ಜೋಡಿ. ಹಳಿಯಾಳದ ಕಡೆಯವಳು, ಸಿದ್ದಿ ಜನಾಂಗದವಳು. ಅವರ ಹಿರಿಯರನ್ನು ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ತಂದಿದ್ದರಂತೆ. ಮೈಬಣ್ಣ, ಕೂದಲು ಎಲ್ಲ ಅವರದೇ, ಮಾತು ಮಾತ್ರ ನಮ್ಮದು. ಬಂದ ದಿನ ಗೇಟಿನಲ್ಲಿದ್ದ ಸೆಂಟ್ರಿ ಆಕೆಯ ಕಾಗದ ತಿರುವಿ ತಿರುವಿ ನೋಡಿ, "ಯಾವ ದೇಶ ಆತವ್ವಾ ನಿಂದು?" ಎಂದನಂತೆ. ಈಕೆ, "ಹಳ್ಯಾಳ ತಾಲೂಕ್ರಿ" ಎಂದಳಂತೆ.

ಬ್ಯಾರಕ್ಕಿನ ಹುಡುಗಿಯರು ಆಕೆಯೊಂದಿಗೆ ಜಗಳ ಆಡುವುದಿಲ್ಲ. ಮಾತೂ ಆಡುವುದಿಲ್ಲ. ಆಕೆ ತುಂಬಿಸಿಟ್ಟ ಕೊಡದ ನೀರು ಸಂಜೆಯವರೆಗೆ ಹಾಗೇ ಇರುತ್ತದೆ.

ಪಂಚಮಿಗೆ ಸೂಟಿ ಇಲ್ಲ. ಆದರೆ ರೊಟ್ಟಿ ಹಬ್ಬವನ್ನು ಬ್ಯಾರಕ್ಕಿನಲ್ಲೇ ಮಾಡೋಣ ಎಂದು ಎಲ್ಲರೂ ಸೇರಿ ನಿಶ್ಚಯಿಸಿದ್ದೇವೆ. ಒಂದೊಂದು ಕಾಟೂ ಒಂದೊಂದು ಮನೆ, ಮನೆಯಿಂದ ಮನೆಗೆ ರೊಟ್ಟಿ ಹಂಚುವುದು. ಕಾಕಿಗೆ ಹೇಳಿ ಕಡಕ್ ರೊಟ್ಟಿ ಕಳಿಸಿ. ನನಗೆ ಬೇಕಾಗುವುದರ ಎರಡರಷ್ಟು ಕಳಿಸಿ. ಯಾಕೆಂದು ಕೇಳಬೇಡಿ.

ನಿಮ್ಮ
ಭುವಿ

*

ಸಿಂದಗಿ
೨೨ ಜುಲೈ ೨೦೨೪

ಚಿ. ಭುವನೇಶ್ವರಿಗೆ ಆಶೀರ್ವಾದ.

ಪತ್ರ ತಲುಪಿತು. ಅಕ್ಷರ ಕೋಳಿ ಕೆದರಿದಂತೆ ಇದೆ, ನಾಳೆ ಸ್ಟೇಷನ್ನಿನಲ್ಲಿ ಪಂಚನಾಮೆ ಬರೆಯುವಾಗ ಸಾಹೇಬರು ಮುಖಕ್ಕೆ ಎಸೆಯುತ್ತಾರೆ. ಬೂಟಿನಿಂದ ಗುಳ್ಳೆ ಎದ್ದರೆ ಒಡೆಯಬೇಡ, ಕೊಬ್ಬರಿ ಎಣ್ಣೆ ಹಚ್ಚಿ ಎರಡು ಜೊತೆ ಕಾಲುಚೀಲ ಹಾಕು. ಮೊನ್ನೆ ತಾಂಬಾಕ್ಕೆ ಹೋಗಿ ನಿನ್ನ ಪತ್ರವನ್ನು ನಿಮ್ಮಪ್ಪನಿಗೆ ಓದಿ ಹೇಳಿದೆ. ಅಣ್ಣ ಕುರಿ ಬಿಟ್ಟು ಬಂದು ಕೂತು, ಎಲ್ಲ ಕೇಳಿ, "ಉಣ್ಣಾಕ ಸಾಲವಲ್ದೇನ ಪೋರಿಗೆ?" ಎಂದಷ್ಟೇ ಕೇಳಿದ.

ನನ್ನ ಪ್ರಶ್ನೆಯೂ ಅದೇ. ಯಾಕೆಂದು ಕೇಳಬೇಡಿ ಎಂದು ಬರೆದಿದ್ದೀ. ಇಡೀ ಸರ್ವೀಸಿನಲ್ಲಿ ನನಗೆ ಹಾಗೆ ಹೇಳಿದವರನ್ನೇ ನಾನು ಮೊದಲು ಕೇಳಿದವನು. ನೀನು ರವಿವಾರ ನಿನ್ನ ತಮ್ಮ ಕಾಂತುನ ಮೊಬೈಲಿಗೆ ಕಳಿಸಿದ ಫೋಟೋ ನೋಡಿದೆ. ನಿನ್ನ ಬಾಜೂ ನಿಂತವಳೇ ಅಲ್ಲವೇ ಆ ಮಾಬುಬಿ? ನಿನ್ನ ಎರಡರಷ್ಟು ಇದ್ದಾಳೆ. ಹೆಸರಿನ ಬಗ್ಗೆ ನನ್ನದೇನೂ ತಕರಾರಿಲ್ಲ. ನಮ್ಮ ಓಣಿಯ ಸೈದಾಬಿಯ ಮನೆಗೆ ನಿನ್ನ ಕಾಕಿಯ ರೊಟ್ಟಿ ಪ್ರತಿ ವರ್ಷ ಹೋಗುತ್ತದೆ, ಅವರ ರಂಜಾನಿನ ಸುರಕುಂಬಾ ಪಾಯಸ ನಮ್ಮ ಮನೆಗೆ ಬರುತ್ತದೆ. ಆದರೆ ಇವರು ಎಲ್ಲಿಯವರೋ, ಹೇಗಿರುವವರೋ, ನಮಗೆ ಗೊತ್ತಿಲ್ಲದ ಜನ. ಹುಷಾರಾಗಿರು.

ಒಂದೇ ಮಾತು ಕೇಳುತ್ತೇನೆ, ಹೌದು ಅಥವಾ ಇಲ್ಲ ಎಂದು ಬರೆ. ಆ ರೊಟ್ಟಿಯ ಅರ್ಧ ಪಾಲು ಆಕೆಗೆ ಹೋಗುತ್ತದೆಯೇ?

ನಿನ್ನ ಕಾಕಾ
ಸಿದ್ದಾರೂಢ
ನಿವೃತ್ತ ಹೆಡ್ ಕಾನ್‌ಸ್ಟೆಬಲ್

*

ತರಬೇತಿ ಶಾಲೆ
೨೮ ಜುಲೈ ೨೦೨೪

ಕಾಕಾ ಅವರಿಗೆ ನಮಸ್ಕಾರ.

ಮನೆಗೆ ಬರೆಯುವ ಪತ್ರದಲ್ಲೂ ನಿವೃತ್ತ ಹೆಡ್ ಕಾನ್‌ಸ್ಟೆಬಲ್ ಎಂದು ಸಹಿ ಹಾಕಬೇಕೇ? ನಗು ಬಂತು.

ಎಣ್ಣೆಯಿಂದ ಗುಳ್ಳೆ ಕಡಿಮೆಯಾಗಿವೆ. ಹಗ್ಗ ಹತ್ತುವುದೇ ಬರುತ್ತಿರಲಿಲ್ಲ, ಅರ್ಧಕ್ಕೆ ಹೋಗಿ ತೂಗಾಡುತ್ತಿದ್ದೆ. ಜೋಡಿಯಲ್ಲಿ ಒಬ್ಬಳು ಹತ್ತದಿದ್ದರೆ ಇಬ್ಬರಿಗೂ ಮೈದಾನ ಸುತ್ತುವ ಶಿಕ್ಷೆ. ಮಾಬುಬಿ ನನ್ನ ಸಲುವಾಗಿ ದಿನಾ ಓಡಿದಳು, ಒಂದು ಮಾತೂ ಅನ್ನಲಿಲ್ಲ. ನಾಲ್ಕನೆಯ ದಿನ ಮಾತ್ರ, "ನೀ ಕೈಯಿಂದ ಹತ್ತತಿ, ಅದಕ್ಕ ಸೋಲತಿ. ಕಾಲಾಗ ಹಗ್ಗ ಹಿಡದು ನಿಂದ್ರು" ಎಂದಳು. ಈಗ ಹತ್ತುತ್ತೇನೆ. ಆಕೆಗೆ ಕಾನೂನಿನ ಕಲಮುಗಳು ಬಾಯಿಪಾಠ ಆಗುವುದಿಲ್ಲ, ಅವನ್ನು ನಾನು ಹೇಳಿಕೊಡುತ್ತೇನೆ. ತಪ್ಪು ಹೇಳಿದಾಗ ನಗುತ್ತಾಳೆ. ಆ ನಗೆಗೆ ಬ್ಯಾರಕ್ಕೆಲ್ಲ ತಿರುಗಿ ನೋಡುತ್ತದೆ.

ನಿಮ್ಮ ಪ್ರಶ್ನೆಗೆ ಊರಿಗೆ ಬಂದಾಗ ಉತ್ತರ ಹೇಳುತ್ತೇನೆ, ಪತ್ರದಲ್ಲಿ ಬೇಡ. ಕಾಕಿಗಾಗಲಿ ಅವ್ವನಿಗಾಗಲಿ ಏನೂ ಹೇಳಬೇಡಿ. ರೊಟ್ಟಿ ಮಾತ್ರ ತಪ್ಪದೆ ಕಳಿಸಿ ಕಾಕಾ, ಕಡಿಮೆ ಬಿದ್ದರೆ ನನಗೆ ಬಹಳ ಕಷ್ಟವಾಗುತ್ತದೆ.

ಭುವಿ

*

ಸಿಂದಗಿ
೩ ಆಗಸ್ಟ್ ೨೦೨೪

ಚಿ. ಭುವನೇಶ್ವರಿಗೆ.

ನೀನು ಬರೆದದ್ದಕ್ಕಿಂತ ಬರೆಯದೆ ಬಿಟ್ಟದ್ದೇ ನನಗೆ ಚೆನ್ನಾಗಿ ತಿಳಿಯಿತು. ಹೆದರಬೇಡ. ಈ ಪತ್ರವನ್ನೂ ಕಾಂತುನ ಕೈಯಲ್ಲೇ ಕೊಟ್ಟಿದ್ದೇನೆ. ಬಸ್ಸಿಗೆ ಬಂದು ರೊಟ್ಟಿಯ ಎರಡು ಗಂಟುಗಳನ್ನು ಗೇಟಿನಲ್ಲಿ ಕೊಟ್ಟು ಹೋಗುತ್ತಾನೆ. ಶೇಂಗಾ ಉಂಡಿ, ಗುರೆಳ್ಳು ಚಟ್ನಿ ಬೇರೆ ಇವೆ. ನಿನ್ನ ಕಾಕಿ ಎರಡು ದಿನ ಒಲೆಯ ಮುಂದೆ ಕೂತು ಬಡಿದಿದ್ದಾಳೆ. ಯಾಕೆಂದು ನಾನು ಆಕೆಗೆ ಹೇಳಿಲ್ಲ.

ಉಳಿದದ್ದನ್ನು ನಾನು ನೋಡಿಕೊಂಡಿದ್ದೇನೆ. ನಿಮ್ಮ ಡ್ರಿಲ್ ಮಾಸ್ತರ ಖಂಡೆಪ್ಪ ಮತ್ತು ನಾನು ಇಂಡಿ ಸ್ಟೇಷನ್ನಿನಲ್ಲಿ ಒಟ್ಟಿಗೆ ಇದ್ದವರು. ನಿನ್ನ ಹೆಸರಿಗೆ ಏನೂ ಬಾರದಂತೆ ಮಾಡುತ್ತಾನೆ. ನೀನು ಪರೇಡಿನ ಮೇಲೆ ಲಕ್ಷ್ಯ ಇಡು.

ಸಿದ್ದಾರೂಢ

*

ತರಬೇತಿ ಶಾಲೆ
೮ ಆಗಸ್ಟ್ ೨೦೨೪

ಕಾಕಾ ಅವರಿಗೆ.

ನೀವು ಏನು ನೋಡಿಕೊಂಡಿರಿ ಎಂಬುದು ನಿನ್ನೆ ಗೊತ್ತಾಯಿತು.

ನಿನ್ನೆ ಸಂಜೆ ರೊಟ್ಟಿ ಹಬ್ಬ. ಎಲ್ಲರೂ ಕಾಟುಗಳ ಮೇಲೆ ಬಿಳಿ ಅರಿವೆ ಹಾಸಿ ರೊಟ್ಟಿ, ಪಲ್ಲೆ, ಚಟ್ನಿ ಜೋಡಿಸಿದ್ದೆವು. ಹಂಚುವುದು ಶುರುವಾಗುವ ಮುಂಚೆ ಖಂಡೆಪ್ಪ ಸರ್ ಬಂದರು. ಮಾಬುಬಿಯನ್ನು ಮುಂದೆ ಕರೆದು, ಎಲ್ಲರ ಎದುರಿಗೆ ಆಕೆಯ ಟ್ರಂಕು ತೆಗೆಸಿದರು. ಕಾಕಿಯ ಹಳೆಯ ಇಳಕಲ್ ಸೀರೆಯ ಅರಿವೆಯಲ್ಲಿ ಕಟ್ಟಿದ ಒಂದು ಗಂಟು ಇನ್ನೂ ಬಿಚ್ಚದೆ ಅದರೊಳಗೆ ಇತ್ತು. ಅಂಥದ್ದೇ ಇನ್ನೊಂದು ಗಂಟು ನನ್ನ ಕಾಟಿನ ಮೇಲೆ ಇತ್ತು. "ಇದು ನಿನ್ನದೇನು?" ಎಂದು ಕೇಳಿದರು. ನಾನೇ ಮುಂದೆ ಹೋಗಿ, "ನಾನ ಕೊಟ್ಟೇನ್ರಿ ಸರ್" ಎಂದೆ.

"ಅಂಜಬ್ಯಾಡವ್ವ. ನಿಮ್ಮ ಕಾಕಾ ಎಲ್ಲಾ ಹೇಳ್ಯಾರ" ಎಂದರು.

ನಾನು ಇನ್ನೂ ಜೋರಾಗಿ ಹೇಳಿದೆ. ನಾನು ಜೋರು ಮಾಡಿದಷ್ಟೂ ಅವರು ನನ್ನನ್ನು ಸಮಾಧಾನ ಮಾಡುತ್ತ ಹೋದರು. ಮಾಬುಬಿ ಜೊತೆಯವಳನ್ನು ಹೆದರಿಸಿ ಉಣ್ಣುವ ಪದಾರ್ಥ ಕಸಿದುಕೊಳ್ಳುತ್ತಾಳೆ ಎಂದು ರಿಪೋರ್ಟ್ ಬರೆದರು. ನಿಮ್ಮ ಕಾಕಾ ಎಂಬ ಮಾತು ಬಿದ್ದಾಗ ಮಾಬುಬಿ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ನೋಡಿಲ್ಲ.

ಯಾಕೆಂದು ಕೇಳಿದ್ದಿರಲ್ಲ, ಈಗ ಕೇಳಿ. ನಮ್ಮಲ್ಲಿ ರೊಟ್ಟಿ ಹಬ್ಬದ ದಿನ ಕೊಟ್ಟವರ ಮನೆಗೆ ಕೊಡಬೇಕು, ಬರೀ ಇಸಕೊಳ್ಳುವವರಿಗೆ ಆ ಸಾಲಿನಲ್ಲಿ ಜಾಗವಿಲ್ಲ. ಮಾಬುಬಿಗೆ ತಾಯಿ ಇಲ್ಲ, ತಂದೆ ಕಾಡಿನ ಕೂಲಿ, ಆ ಕಡೆ ಜೋಳದ ರೊಟ್ಟಿಯೂ ಅಷ್ಟಕ್ಕಷ್ಟೇ. ಆಕೆಯ ಕಾಟು ಖಾಲಿ ಇದ್ದರೆ ಹುಡುಗಿಯರಿಗೆ ಅದನ್ನು ದಾಟಿ ಹೋಗಲು ಒಳ್ಳೆಯ ನೆವ ಸಿಗುತ್ತಿತ್ತು. ಅದಕ್ಕೇ ಎರಡು ಮನೆಯ ರೊಟ್ಟಿ ಕೇಳಿದೆ. ಒಂದು ಗಂಟು ಆಕೆಯದು, ಆಕೆಯ ಕೈಯಿಂದಲೇ ಹಂಚುವುದಕ್ಕೆ. ಬಹಳ ಬೇಡ ಬೇಡ ಎಂದಳು, ನಾನೇ ಹಟ ಹಿಡಿದು ಆಕೆಯ ಟ್ರಂಕಿನಲ್ಲಿ ಇಟ್ಟೆ. ಆ ಹುಡುಗಿಯರು ಆಕೆಯ ಕೈಯಿಂದ ಏನನ್ನಾದರೂ ತೆಗೆದುಕೊಳ್ಳುವುದನ್ನು ನನಗೆ ನೋಡಬೇಕಿತ್ತು.

ಮನೆಯಲ್ಲಿ ಹೇಳಬೇಡಿ ಎಂದದ್ದು ಯಾಕೆಂದರೆ, ನಾವಿಬ್ಬರೂ ಮೊದಲ ವಾರದಿಂದಲೇ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದೇವೆ. ಅವ್ವ ಏನನ್ನುತ್ತಾಳೋ ಎಂದು ಹೆದರಿದ್ದೆ. ನಿಮಗೆ ಹೆದರಬೇಕಿತ್ತು ಎಂದು ಗೊತ್ತಿರಲಿಲ್ಲ.

ತಪ್ಪು ಮಾಡಿದವರನ್ನು ಸಾಹೇಬರ ಮುಂದೆ ನಿಲ್ಲಿಸುವ ಆರ್ಡರ್ಲಿ ರೂಮ್ ೨೬ನೇ ತಾರೀಖು ಸೋಮವಾರ ಇದೆ. ಅಲ್ಲಿಯವರೆಗೆ ಆಕೆಗೆ ಪರೇಡ್ ಇಲ್ಲ, ಮೆಸ್ಸಿನಲ್ಲಿ ಪಾತ್ರೆ ತಿಕ್ಕುವ ಕೆಲಸ. ಅಲ್ಲಿ ತಪ್ಪು ಎಂದಾದರೆ ತರಬೇತಿಯಿಂದ ತೆಗೆದು ಊರಿಗೆ ಕಳಿಸುತ್ತಾರೆ. ನನ್ನ ಮಾತನ್ನು ಹೆದರಿದವಳ ಮಾತು ಎಂದು ಯಾರೂ ನಂಬುವುದಿಲ್ಲ. ನೀವು ಬಂದು ಸಾಹೇಬರ ಮುಂದೆ, ಖಂಡೆಪ್ಪ ಸರ್‌ಗೆ ಹೇಳಿದ್ದು ತಪ್ಪು ಎಂದು ಹೇಳಬೇಕು.

ಭುವನೇಶ್ವರಿ

*

ಸಿಂದಗಿ
೧೩ ಆಗಸ್ಟ್ ೨೦೨೪

ಚಿ. ಭುವನೇಶ್ವರಿಗೆ.

ಹಿರಿಯರಿಗೆ ಹೀಗೆ ಬರೆಯುತ್ತಾರೆಯೇ? ಸಿಟ್ಟು ಇಳಿದ ಮೇಲೆ ಒಮ್ಮೆ ಯೋಚಿಸು. ನೀನು ಮುಚ್ಚಿಟ್ಟೆ, ನಾನು ಊಹಿಸಿದೆ. ತಪ್ಪು ಒಬ್ಬರದೇ ಅಲ್ಲ. ಮನೆಯ ಮಗಳು ಹೆದರಿದ್ದಾಳೆ ಎನಿಸಿದಾಗ ಸುಮ್ಮನೆ ಕೂರುವ ಕಾಕಾ ನಾನಲ್ಲ.

ಖಂಡೆಪ್ಪನಿಗೆ ಫೋನ್ ಮಾಡಿದ್ದೇನೆ. ಗದ್ದಲವಿಲ್ಲದೆ ಮುಗಿಸು ಎಂದಿದ್ದೇನೆ. ಅಲ್ಲಿಗೆ ಬಂದು ನಿಲ್ಲು ಎನ್ನುತ್ತೀ. ನಾನು ಕೊಟ್ಟ ರಿಪೋರ್ಟನ್ನು ನಾನೇ ಸುಳ್ಳು ಎಂದದ್ದು ಇಡೀ ಸರ್ವೀಸಿನಲ್ಲಿ ಇಲ್ಲ. ಹಾಗೆ ಹೇಳಿದರೆ ನನ್ನ ಮಾತು ನಂಬಿ ಕೆಲಸ ಮಾಡಿದ ಖಂಡೆಪ್ಪನ ಮಾನವೂ ಹೋಗುತ್ತದೆ. ನೀನೂ ನಾಳೆ ಇದೇ ಇಲಾಖೆಯಲ್ಲಿ ಇರಬೇಕಾದವಳು.

ನಿನ್ನ ಪತ್ರವನ್ನು ನಿನ್ನ ಕಾಕಿಗೆ ಓದಿ ಹೇಳಿದೆ. ತಾಟಿನ ವಿಷಯಕ್ಕೆ ಬೈಯುತ್ತಾಳೆ ಎಂದುಕೊಂಡಿದ್ದೆ. ಆಕೆ ಕೇಳಿದ್ದು ಬೇರೆಯೇ. "ಎರಡು ದಿನ ಬಡದ ರೊಟ್ಟಿ ಹಂಚಗೊಡದಂಗ ಮಾಡಿದವ್ರು ಯಾರು? ನೀವೋ, ಆ ಹುಡುಗಿಯೋ?" ಎಂದಳು. ಅಂದಿನಿಂದ ನನಗೆ ಊಟಕ್ಕೆ ಬಡಿಸುತ್ತಾಳೆ, ಮಾತಾಡುವುದಿಲ್ಲ.

ಸಿದ್ದಾರೂಢ

*

ತರಬೇತಿ ಶಾಲೆ
೧೮ ಆಗಸ್ಟ್ ೨೦೨೪

ಕಾಕಾ ಅವರಿಗೆ.

ನಿಮ್ಮ ಫೋನಿನಿಂದ ಏನೂ ಆಗಲಿಲ್ಲ. ರಿಪೋರ್ಟ್ ಸಾಹೇಬರ ಮೇಜಿಗೆ ಹೋಗಿಯಾಗಿದೆ, ಈಗ ನನ್ನ ಕೈಯಾಗಿಲ್ಲ ಎಂದು ಖಂಡೆಪ್ಪ ಸರ್ ಹೇಳಿದರು. ಮಾಬುಬಿ ಟ್ರಂಕು ಕಟ್ಟಿಟ್ಟಿದ್ದಾಳೆ. ಅವರು ತೆಗೆದು ಹಾಕುವ ಮುಂಚೆ ತಾನೇ ಬರೆದು ಕೊಟ್ಟು ಹೋಗುತ್ತಾಳಂತೆ. ಈ ಮಾತು ನನಗೆ ಹೇಳಿದ್ದು ಆಕೆಯಲ್ಲ, ಮೆಸ್ಸಿನ ಚನ್ನವ್ವ. "ಪಾತ್ರಿ ತಿಕ್ಕೂದು ಆಕಿಗೆ ಜಡ ಅಲ್ಲವ್ವಾ, ಸುಮ್ನ ತಿಕ್ಕತಾಳ. ಯಾರರೆ ರೊಟ್ಟಿ ಅಂದ್ರ ಸಾಕು, ಎದ್ದು ಹೊರಗ ಹೋಗತಾಳ" ಎಂದಳು.

ನನ್ನನ್ನು ಪೊಲೀಸ್ ಆಗು ಎಂದವರು ನೀವು. ಅಪ್ಪ ಮದುವೆ ಮಾಡುತ್ತೇನೆ ಎಂದಾಗ ತಾಂಬಾಕ್ಕೆ ಬಂದು ಜಗಳ ಆಡಿದವರು ನೀವು. ನಸುಕಿನಲ್ಲಿ ಸಿಂದಗಿಯ ಮೈದಾನದಲ್ಲಿ ನನ್ನ ಜೊತೆ ಓಡಿದವರು ನೀವು. ಅದೆಲ್ಲ ನೆನಪಿಟ್ಟುಕೊಂಡೇ ಬರೆಯುತ್ತಿದ್ದೇನೆ. ೨೬ಕ್ಕೆ ನೀವು ಬಾರದಿದ್ದರೆ ನಾನೇ ಸಾಹೇಬರ ಮುಂದೆ ನಿಂತು, ನಮ್ಮ ಕಾಕಾ ಸುಳ್ಳು ದೂರು ಕೊಟ್ಟಿದ್ದಾರೆ ಎಂದು ಬರೆದುಕೊಡುತ್ತೇನೆ. ಆಮೇಲೆ ನೀವು ನನಗೆ ಪತ್ರ ಬರೆಯುವುದಿಲ್ಲ ಎಂಬುದು ಗೊತ್ತು. ಬರೆಯುವ ಮುಂಚೆ ಬಹಳ ಅತ್ತಿದ್ದೇನೆ, ಅದಕ್ಕೇ ಅಕ್ಷರ ಹೀಗಿವೆ.

ಭುವನೇಶ್ವರಿ

*

ಸಿಂದಗಿ
೨೮ ಆಗಸ್ಟ್ ೨೦೨೪

ಚಿ. ಭುವಿಗೆ ಆಶೀರ್ವಾದ.

ನಾನು ಬಂದದ್ದು, ಬರೆದುಕೊಟ್ಟದ್ದು, ಸಾಹೇಬರು ರಿಪೋರ್ಟನ್ನು ರದ್ದು ಮಾಡಿದ್ದು, ಇಷ್ಟನ್ನು ನೀನು ಕಣ್ಣಾರೆ ನೋಡಿದ್ದೀ. ಖಂಡೆಪ್ಪ ನನ್ನ ಜೊತೆ ಚಹಾ ಕೂಡ ಕುಡಿಯಲಿಲ್ಲ. ಅವನ ಮೇಲೆ ನನಗೆ ಬೇಸರವಿಲ್ಲ.

ನೀನು ನೋಡದೆ ಇದ್ದದ್ದು ಒಂದಿದೆ. ಅದನ್ನು ಹೇಳಲು ಈ ಪತ್ರ.

ನೀವೆಲ್ಲ ಪರೇಡಿಗೆ ಹೋದ ಮೇಲೆ, ನನ್ನನ್ನು ಗೇಟಿನವರೆಗೆ ಬಿಟ್ಟು ಬಾ ಎಂದು ಸಾಹೇಬರು ಆಕೆಯನ್ನೇ ಕಳಿಸಿದರು. ಬೇಕೆಂದೇ ಕಳಿಸಿದರೋ ಏನೋ. ಮೈದಾನದ ಅಂಚಿನಲ್ಲಿ ಇಬ್ಬರೂ ನಡೆದೆವು. ಮಳೆ ಹೇಗೆ ನಿಮ್ಮ ಕಡೆ ಎಂದೆ. ಐತ್ರಿ ಎಂದಳು. ಬಸ್ಸು ಬರುವುದು ತಡವಿತ್ತು, ಆಕೆ ಹಿಂದಿರುಗಬಹುದಿತ್ತು, ಹೋಗಲಿಲ್ಲ. ನನ್ನ ಮುಖ ನೋಡಿ ಕೇಳಿದಳು.

"ಕಾಕಾ, ಭುವಿ ಬಾಜೂಕ ನಿಮ್ಮೂರಿನ ಹುಡುಗಿ ನಿಂತಿದ್ದಳಂದ್ರ, ನೀವು ಫೋನ್ ಮಾಡತಿದ್ರೇನ್ರಿ?"

ಆಕೆಯ ದನಿಯಲ್ಲಿ ಸಿಟ್ಟು ಇರಲಿಲ್ಲ. ನೀನು ಮುಚ್ಚಿಟ್ಟದ್ದಕ್ಕೆ ಹೀಗಾಯಿತು ಎನ್ನಬಹುದಿತ್ತು, ನಿನಗೂ ಹಾಗೇ ಬರೆದಿದ್ದೆನಲ್ಲ. ಮಗಳ ಮೇಲಿನ ಕಾಳಜಿ ಎನ್ನಬಹುದಿತ್ತು. ಎರಡೂ ಬಾಯಿತನಕ ಬಂದವು. ಆರೋಪಿಗಳು ಹೀಗೆ ಮಾತು ಹುಡುಕುವುದನ್ನು ನಾನು ಸಾಕಷ್ಟು ನೋಡಿದ್ದೇನೆ.

"ಇಲ್ಲವ್ವ. ಮಾಡತಿದ್ದಿಲ್ಲ" ಎಂದೆ.

ಆಕೆ ತಲೆಯಾಡಿಸಿದಳು. "'ಹಂಗಲ್ಲ, ನೀ ತಪ್ಪು ತಿಳ್ಕೊಂಡಿ' ಅಂತ ಎಲ್ಲಾರೂ ಹೇಳತಾರ್ರಿ. ಸಣ್ಣಾಕಿ ಇದ್ದಾಗಿಂದ ಕೇಳೇನಿ. ಖರೇ ಹೇಳಿದವ್ರು ನೀವ ಮೊದಲನೇದವ್ರು" ಎಂದಳು.

ಕ್ಷಮೆ ಕೇಳೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಬಸ್ಸು ಬಂತು. ಬಸ್ಸಿನ ನೆವ ಹೇಳುತ್ತಿಲ್ಲ, ಬಾಗಿಲಲ್ಲಿ ನಿಂತು ಕೇಳಬಹುದಿತ್ತು. ಕೇಳಲಿಲ್ಲ. ಆಕೆ ನಮಸ್ಕಾರ ಮಾಡಲಿಲ್ಲ, ಹಾಗೇ ತಿರುಗಿ ಒಳಗೆ ಹೋದಳು. ಬಸವನ ಬಾಗೇವಾಡಿ ಬರುವ ತನಕ ಕಿಟಕಿಯ ಹೊರಗೆ ನೋಡುತ್ತ ಕೂತೆ. ಕಂಡಕ್ಟರ್ ಎರಡು ಸಲ ಟಿಕೀಟು ಕೇಳಿದನಂತೆ.

ಮನೆಗೆ ಬಂದು ಇದನ್ನು ನಿನ್ನ ಕಾಕಿಗೆ ಹೇಳಿದೆ. ಹದಿನೈದು ದಿನದ ಮೇಲೆ ಮಾತಾಡಿದಳು. "ಆಕಿ ಉಳದಳೋ, ಹೋದಳೋ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಆಕೆ ಟ್ರಂಕು ಬಿಚ್ಚಿದಳೋ ಇಲ್ಲವೋ, ಅದೊಂದು ಬರೆ.

ಸಿದ್ದಾರೂಢ

*

ತರಬೇತಿ ಶಾಲೆ
೮ ಸೆಪ್ಟೆಂಬರ್ ೨೦೨೪

ಕಾಕಾ ಅವರಿಗೆ ನಮಸ್ಕಾರ.

ಬಿಚ್ಚಿದಳು. ಹಿಂದಿನ ಪತ್ರಕ್ಕೆ ಕೂಡಲೇ ಉತ್ತರ ಬರೆಯದೆ ಇದ್ದದ್ದು ಯಾಕೆಂದರೆ, ಬರೆಯುವಂಥದ್ದು ಬೇರೇನೂ ಇರಲಿಲ್ಲ.

ಎಲ್ಲ ಸರಿಹೋಯಿತು ಎಂದು ನೀವು ತಿಳಿಯಬಾರದು. ಆಕೆ ಈಗ ಬೇರೆ ತಾಟಿನಲ್ಲಿ ಉಣ್ಣುತ್ತಾಳೆ. ಎತ್ತರ ಬದಲಾಗುವುದಿಲ್ಲವಲ್ಲ, ಹಾಗಾಗಿ ಕಾಟು ಅಲ್ಲೇ ಇದೆ, ಜೋಡಿಯೂ ನಾನೇ. ತಪ್ಪಿದ ಪರೇಡುಗಳನ್ನು ಕಲಿಯಲು ಮಧ್ಯಾಹ್ನ ಒಬ್ಬಳೇ ಮೈದಾನಕ್ಕೆ ಹೋಗುತ್ತಿದ್ದಳು. ನಾನೂ ಹೋದೆ. ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ನಾನು ಹುಕುಂ ಕೊಡುವುದು, ಆಕೆ ಮಾಡುವುದು. ಮೊನ್ನೆ ಇಂಡಿಯ ರಾಜಶ್ರೀ ಎಂಬ ಹುಡುಗಿ, ಅಂದು ಟ್ರಂಕು ತೆಗೆಸಿದಾಗ ಎಲ್ಲರಿಗಿಂತ ಮುಂದೆ ನಿಂತು ನೋಡಿದವಳು, ನಮ್ಮ ಹಿಂದೆ ಬಂದು ನಿಂತು ತಾನೂ ಕಾಲು ಎತ್ತಿ ಹಾಕತೊಡಗಿದಳು. ಆಕೆಗೂ ತಿರುಗುವುದು ಬರುವುದಿಲ್ಲ.

ಇಷ್ಟು ದಿನ ಮಾಬುಬಿ ನನ್ನನ್ನು ಎಲ್ಲರಂತೆ ಎದೆಯ ಮೇಲಿನ ನಂಬರಿನಿಂದ ಕರೆಯುತ್ತಿದ್ದಳು. ಅರವತ್ತೆರಡು, ಆ ಕಡೆ ಸರಿ. ಅರವತ್ತೆರಡು, ಬಕೆಟ್ ತಗಿ. ಮೊದಲು ಭುವಿ ಎನ್ನುತ್ತಿದ್ದ ಬಾಯಿಯಿಂದ ಅದನ್ನು ಕೇಳುವುದು ಬಹಳ ಕಷ್ಟವಾಗಿತ್ತು ಕಾಕಾ. ಪರೇಡಿನಲ್ಲಿ ಬೀಳುವ ಬೈಗುಳ ಅದರ ಮುಂದೆ ಏನೂ ಅಲ್ಲ.

ಇವತ್ತು ಬೆಳಿಗ್ಗೆ ಸಾಮಾನು ತಪಾಸಣೆ ಇತ್ತು. ನಾನು ಹಾಸಿಗೆಯನ್ನು ವಕ್ರವಾಗಿ ಮಡಚಿದ್ದೆ. ಸರ್ ಬಾಗಿಲಿಗೆ ಬಂದಾಗ ಆಕೆ ಹಲ್ಲು ಕಚ್ಚಿ, "ಭುವಿ, ಖಬರಗೇಡಿ, ಎಷ್ಟು ಸಲ ಹೇಳಬೇಕ ನಿನಗ? ಇವತ್ತೂ ನಿನ್ನ ಸಲುವಾಗಿ ನಾ ಓಡಬೇಕು" ಎಂದಳು.

ಇಬ್ಬರಿಗೂ ಶಿಕ್ಷೆ ಆಯಿತು. ಇಬ್ಬರೂ ಓಡಿದೆವು. ಮೈದಾನ ಸುತ್ತುವ ತನಕ ನನ್ನನ್ನು ಬೈಯುತ್ತಲೇ ಇದ್ದಳು, ಪ್ರತಿ ಸಲ ಹೆಸರು ಹಿಡಿದು. ಬೈಸಿಕೊಂಡು ಇಷ್ಟು ಸಮಾಧಾನ ನನಗೆ ಎಂದೂ ಆಗಿರಲಿಲ್ಲ.

ನಿಮ್ಮ
ಭುವಿ